ಹಿಂದೆ ಕೂತವಳ ಮುಖ

ಈಶ್ವರಮಂಗಲ
6 ಜನವರಿ 2025

ಪ್ರೀತಿಯ ಸರ್ವೋತ್ತಮ ಮಾವನಿಗೆ,

ಕ್ಯಾಮೆರಾ ಬಂತು. ಬಸ್ಸಿನ ಕಂಡಕ್ಟರ್ ಅದನ್ನು ಹೆಗಲಿಗೆ ಹಾಕಿಕೊಂಡೇ ಕಡಬದಿಂದ ಪುತ್ತೂರಿನವರೆಗೆ ಟಿಕೆಟ್ ಕೊಟ್ಟರಂತೆ. "ನಿಮ್ಮ ಮಾವ ಹತ್ತು ಸಲ ಹೇಳಿದ್ದಾರೆ ಮಾರಾಯ್ರೆ, ಕೆಳಗೆ ಇಡಬಾರದು ಅಂತ" ಎಂದು ನನ್ನ ಕೈಗೆ ಕೊಟ್ಟು ಉಸಿರು ಬಿಟ್ಟರು.

ನಿಮಗೆ ಫೋನ್ ಮಾಡಿದರೆ ನೀವು "ಹಾಂ? ಹಾಂ?" ಹೇಳುದು, ನಾನು ಬೊಬ್ಬೆ ಹಾಕುದು, ಲ್ಯಾಬಿನಲ್ಲಿ ರಕ್ತ ಕೊಡಲಿಕ್ಕೆ ಕೂತವರೆಲ್ಲ ನನ್ನನ್ನೇ ನೋಡುದು. ಹಾಗಾಗಿ ನೀವು ಹೇಳಿದ ಹಾಗೆ ಕಾಗದವೇ ಬರೀತೇನೆ.

ಕ್ಯಾಮೆರಾ ಯಾಕೆ ಅಂತ ನೀವು ಕೇಳಲಿಲ್ಲ. ಆದರೂ ಹೇಳ್ತೇನೆ. ಸುಳ್ಯದಿಂದ ನನಗೊಂದು ಸಂಬಂಧ ಬಂದಿದೆ. ಹುಡುಗನ ಹೆಸರು ರಿತೇಶ್, ಪಂಪ್‌ಸೆಟ್ ಅಂಗಡಿ ಉಂಟಂತೆ. ಅವರು ಫೋಟೋ ಕೇಳಿದ್ದಾರೆ. ನಡುವೆ ಮಾತಾಡುವ ಶೀನಪ್ಪಣ್ಣ ಜಗಲಿಯಲ್ಲಿ ಕೂತು ಚಾ ಕುಡಿಯುತ್ತಾ, ಅಮ್ಮ ಒಳಗೆ ಹೋದದ್ದು ನೋಡಿ ಮೆಲ್ಲ ಹೇಳಿದರು: "ನಿನ್ನೊಬ್ಬಳ ಫೋಟೋ ಕೊಡು ಮಗಾ. ತಾಯಿಯ ತೊನ್ನಿನ ವಿಷಯ ಆಮೇಲೆ ನಾನು ನಿಧಾನಕ್ಕೆ ಹೇಳ್ತೇನೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರೇ ಹೇಳಿಲ್ವಾ?"

ನನಗೆ ಪಿತ್ತ ನೆತ್ತಿಗೇರಿತು. ಅಮ್ಮನ ಮುಖದಲ್ಲಿ, ಕೈಯಲ್ಲಿ ಬಿಳಿ ಕಲೆ ಉಂಟು, ಹೌದು. ಅದು ಅಂಟುದಿಲ್ಲ, ನೋಯುದಿಲ್ಲ. ನಾನು ದಿನಾ ಲ್ಯಾಬಿನಲ್ಲಿ ನೋಡುವ ರೋಗಗಳ ಎದುರು ಅದು ರೋಗವೇ ಅಲ್ಲ. ನಾನು ಕಳಿಸುವ ಫೋಟೋದಲ್ಲಿ ಅಮ್ಮ ಇರಲೇಬೇಕು. ನೋಡಿ ಬೇಡ ಅನ್ನುವವರು ನಮ್ಮ ಮನೆಯ ಚಾ ಕುಡಿಯುವ ಮೊದಲೇ ಬೇಡ ಅನ್ನಲಿ.

ಆದರೆ ಅಮ್ಮ ಒಪ್ಪಬೇಕಲ್ಲ! ಯಾರಾದರೂ ಮೊಬೈಲ್ ಎತ್ತಿದರೆ ಸಾಕು, ಒಲೆಯ ಮೇಲೆ ಏನೋ ಉಕ್ಕಿತು ಅಂತ ಒಳಗೆ ಹೋಗ್ತಾಳೆ. ನನಗೆ ಇಪ್ಪತ್ತಾರು ತುಂಬಿತು, ನಾವಿಬ್ಬರೂ ಇರುವ ಒಂದು ಫೋಟೋ ಇಲ್ಲ. ಅದಕ್ಕೆ ಒಂದು ಉಪಾಯ ಮಾಡಿದ್ದೇನೆ. ಆದಿತ್ಯವಾರ ಬೆಳಿಗ್ಗೆ ಅವಳು ಜಗಲಿಯಲ್ಲಿ ಕೂತು ಅಬ್ಬಲಿಗೆ ಹೂ ಕಟ್ಟುದು. ಕ್ಯಾಮೆರಾ ಅಂಗಳದಲ್ಲಿ ಸ್ಟ್ಯಾಂಡಿನ ಮೇಲೆ, ಅದರ ಎದುರು ನಾನು, ನನ್ನ ಹಿಂದೆ ಜಗಲಿಯಲ್ಲಿ ಅವಳು. ಟೈಮರ್ ಹಾಕಿದರೆ ಆಯ್ತು. ನನ್ನದು ಮಾತ್ರ ತೆಗೆಯುದು ಅಂತ ಅವಳು ತಿಳ್ಕೊಳ್ತಾಳೆ.

ಕಷ್ಟ ಎಂತ ಅಂದರೆ, ಮೇಲಿನ ಚಕ್ರವನ್ನು ಹಸಿರು ಆಟೋ ಗುರುತಿಗೆ ಇಟ್ಟು ನೋಡಿದೆ. ಮಧ್ಯಾಹ್ನದ ಬಿಸಿಲಿಗೆ ತೆಗೆದದ್ದರಲ್ಲಿ ನಾನೂ ಸ್ಪಷ್ಟ, ಹಿಂದಿನ ಬಾವಿಕಟ್ಟೆಯೂ ಸ್ಪಷ್ಟ. ಸಂಜೆ ಜಗಲಿಯಲ್ಲಿ ತೆಗೆದದ್ದರಲ್ಲಿ ನನ್ನ ಮುಖ ಮಾತ್ರ ಉಂಟು, ಹಿಂದೆ ಎಲ್ಲ ಗಂಜಿ ಕದಡಿದ ಹಾಗೆ. ಅದೇ ಕ್ಯಾಮೆರಾ, ಅದೇ ನಾನು. ಯಾಕೆ ಹೀಗೆ? ನನಗೂ ಅಮ್ಮನಿಗೂ ನಡುವೆ ಹತ್ತು ಹನ್ನೆರಡು ಅಡಿ ಇರ್ತದೆ, ಇಬ್ಬರ ಮುಖವೂ ಸರಿಯಾಗಿ ಬರಬೇಕು. ಎಲ್ಲಿ ತಿರುಗಿಸಬೇಕು ಹೇಳಿ.

ಅಮ್ಮನಿಗೆ ಮಾತ್ರ ಬಾಯಿ ಬಿಡಬೇಡಿ, ಆಯ್ತಾ?

ನಿಮ್ಮ
ದೀಕ್ಷಿತಾ


ಕಡಬ
13 ಜನವರಿ 2025

ದೀಕ್ಷಿ ಮಗಾ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಕಾಗದ ಒಂದು ಒಳ್ಳೆದು, ಅದಕ್ಕೆ ಕಿವಿ ಬೇಡ. ಹೊಸ ಕಿವಿ ಮಿಷನ್ ಹಾಕಿದರೆ ಜೀಪಿನ ಹಾರ್ನ್ ಕೇಳ್ತದೆ, ಮನುಷ್ಯರು ಹೇಳಿದ್ದು ಕೇಳುದಿಲ್ಲ. ತೆಗೆದು ಡ್ರಾವರಿನಲ್ಲಿ ಇಟ್ಟಿದ್ದೇನೆ.

ನೀನು ಕೇಳಿದ್ದು ಒಳ್ಳೆ ಪ್ರಶ್ನೆ. ಸ್ಟುಡಿಯೋ ನಡೆಸಿದ ಮೂವತ್ತೈದು ವರ್ಷದಲ್ಲಿ ನನ್ನ ಹತ್ತಿರ ಕೆಲಸ ಕಲಿತವರಲ್ಲಿ ಇಬ್ಬರೋ ಮೂವರೋ ಕೇಳಿದ್ದು. ಲೆನ್ಸಿನ ಒಳಗೆ ಒಂದು ತೂತು ಉಂಟು, ಹಿಗ್ಗುತ್ತದೆ, ಕುಗ್ಗುತ್ತದೆ. ಬಿಸಿಲು ಜಾಸ್ತಿ ಇದ್ದರೆ ಆಟೋ ಆ ತೂತನ್ನು ಸಣ್ಣ ಮಾಡ್ತದೆ. ತೂತು ಸಣ್ಣ ಆದರೆ ಎದುರಿಂದ ಹಿಂದಿನವರೆಗೆ ಎಲ್ಲ ಸ್ಪಷ್ಟ. ಬೆಳಕು ಕಮ್ಮಿಯಾದರೆ ಅದು ತೂತನ್ನು ದೊಡ್ಡ ಮಾಡ್ತದೆ. ಆಗ ಎಲ್ಲಿ ಫೋಕಸ್ ಉಂಟೋ ಅಷ್ಟೇ ದೂರದ್ದು ಸ್ಪಷ್ಟ, ಅದರ ಹಿಂದಿನದ್ದು ಮುಂದಿನದ್ದು ಕದಡಿ ಹೋಗ್ತದೆ. ಆಟೋಗೆ ನಿನ್ನ ಮನಸ್ಸಿನಲ್ಲಿ ಯಾರು ಮುಖ್ಯ ಅಂತ ಗೊತ್ತಿಲ್ಲ. ಅದಕ್ಕೆ ಫೋಟೋ ಕಪ್ಪಾಗಬಾರದು, ಅಲುಗಬಾರದು, ಅಷ್ಟೇ ಚಿಂತೆ.

ಈಗ ಮೇಲಿನ ಚಕ್ರ ನೋಡು. P ಅಂದರೆ ತೂತು ಎಷ್ಟು, ಎಷ್ಟು ಹೊತ್ತು ತೆರೆದಿರಬೇಕು, ಎರಡನ್ನೂ ಕ್ಯಾಮೆರಾವೇ ಹೇಳ್ತದೆ. ನಿನಗೆ ಸರಿ ಕಾಣದಿದ್ದರೆ ಹೆಬ್ಬೆರಳಿನ ಹತ್ತಿರದ ಗಾಲಿ ತಿರುಗಿಸಿ ಆ ಜೋಡಿಯನ್ನು ಬದಲಿಸಬಹುದು. S ಅಂದರೆ ಹೊತ್ತು ನೀನು ಹೇಳುದು, ತೂತು ಅದು ನೋಡಿಕೊಳ್ತದೆ. ಕಂಬಳದ ಕೋಣಕ್ಕೆ, ಓಡುವ ಮಕ್ಕಳಿಗೆ ಅದು. A ಅಂದರೆ ತೂತು ನೀನು ಹೇಳುದು, ಹೊತ್ತು ಅದು ಲೆಕ್ಕ ಹಾಕುದು. ನಿನಗೆ ಬೇಕಾದ್ದು A.

A ಯಲ್ಲಿ ಇಟ್ಟು ತೂತಿನ ನಂಬರ್ 1.8ಕ್ಕೆ ತಿರುಗಿಸು. ಅದಕ್ಕಿಂತ ಸಣ್ಣ ನಂಬರ್ ಆ ಲೆನ್ಸಿನಲ್ಲಿ ಇಲ್ಲ. ಫೋಕಸ್ ನಿನ್ನ ಕಣ್ಣಿನ ಮೇಲೆ ಇರಲಿ. ಚಂದ ಬರ್ತದೆ. ಪ್ರಿಂಟ್ ಹಾಕಿಸಿ ನನಗೊಂದು ಕಳಿಸು, ಮೊಬೈಲಿನಲ್ಲಿ ನೋಡಿ ಎಂತದೂ ಹೇಳಲಿಕ್ಕೆ ಆಗುದಿಲ್ಲ.

ನಿನ್ನ ಅಮ್ಮ ಪಂಕಜಳನ್ನು ಒಮ್ಮೆ ಕೇಳಿದರೆ ಒಳ್ಳೆದಿತ್ತು. ಸರಿ, ನಿನ್ನ ಇಷ್ಟ.

ಇಲ್ಲಿ ಬಿಸಿಲು ಒಳ್ಳೆದುಂಟು, ರಬ್ಬರ್ ಶೀಟ್ ಎರಡೇ ದಿನಕ್ಕೆ ಒಣಗ್ತಾ ಉಂಟು.

ಮಾವ


ಈಶ್ವರಮಂಗಲ
27 ಜನವರಿ 2025

ಮಾವ,

ಪ್ರಿಂಟ್ ಇದರೊಟ್ಟಿಗೆ ಇಟ್ಟಿದ್ದೇನೆ. ಕನ್ನಡಕ ಹಾಕಿಕೊಂಡೇ ನೋಡಿ.

ನಾನು ಚಂದ ಬಂದಿದ್ದೇನೆ. ಕಣ್ಣಿನ ರೆಪ್ಪೆ ಒಂದೊಂದೇ ಎಣಿಸಬಹುದು. ನನ್ನ ಎಡಹೆಗಲ ಹಿಂದೆ ಕೇಸರಿಯದ್ದೊಂದು, ಹಸಿರಿನದ್ದೊಂದು ಮುದ್ದೆ ಕಾಣ್ತದಲ್ಲ? ಕೇಸರಿಯದ್ದು ಅಬ್ಬಲಿಗೆ ಹೂ. ಹಸಿರಿನದ್ದು ನಿಮ್ಮ ತಂಗಿ.

ಕ್ಯಾಮೆರಾದ ಹಿಂದಿನ ಬೆಂಕಿಪೆಟ್ಟಿಗೆಯಷ್ಟು ಪರದೆಯಲ್ಲಿ ಬಿಸಿಲಿಗೆ ಎಂತದೂ ಗೊತ್ತಾಗಲಿಲ್ಲ. ಎಲ್ಲ ಸರಿ ಉಂಟು ಅಂತ ಖುಷಿಯಲ್ಲಿ ಪುತ್ತೂರಿನ ಹೈದರ್ ಅಣ್ಣನ ಫೋಟೋ ಅಂಗಡಿಗೆ ಹೋದೆ. ಅವರು ಪ್ರಿಂಟ್ ಕೈಗೆ ಕೊಡುವಾಗ "ಹಿಂದಿನದ್ದು ಎಷ್ಟು ಲಾಯ್ಕ ಕರಗಿದೆ, ಮದುವೆಗೆ ತೆಗೆಯುವವರೂ ಇದನ್ನೇ ಕೇಳುದು" ಅಂತ ಹೊಗಳಿದರು. ನನಗೆ ಅಲ್ಲೇ ಅಳು ಬಂತು. ಕೇಳಿದಾಗ ಅವರೇ ಬಿಡಿಸಿ ಹೇಳಿದರು. ನಂಬರ್ ಉಲ್ಟಾ ಅಂತೆ. ನಂಬರ್ ಸಣ್ಣದಾದಷ್ಟೂ ತೂತು ದೊಡ್ಡದಂತೆ. 1.8 ಅಂದರೆ ಆ ಲೆನ್ಸಿನ ಎಲ್ಲಕ್ಕಿಂತ ದೊಡ್ಡ ತೂತಂತೆ. ಇಬ್ಬರೂ ಬರಬೇಕಾದರೆ 8ಕ್ಕೋ 11ಕ್ಕೋ ಇಡಬೇಕಿತ್ತಂತೆ.

ಸಣ್ಣ ತೂತು ಆದರೆ ಎಲ್ಲ ಸ್ಪಷ್ಟ ಅಂತ ನೀವೇ ಬರೆದಿರಿ. ಅದೇ ಕಾಗದದಲ್ಲಿ ಕೆಳಗೆ ಸಣ್ಣ ನಂಬರ್ ಹಾಕು ಅಂದಿರಿ. ಸಣ್ಣ ನಂಬರ್ ಅಂದರೆ ಸಣ್ಣ ತೂತು ಅಂತ ನಾನು ತಿಳ್ಕೊಳ್ತೇನೆ ಅಂತ ನಿಮಗೆ ಗೊತ್ತಿತ್ತು. ಮೂವತ್ತೈದು ವರ್ಷ ಸ್ಟುಡಿಯೋ ನಡೆಸಿದವರು ಮರೆತು ಬರೆದದ್ದಲ್ಲ ಇದು.

ಹೇಳಿ ಮಾವ, ನಿಮಗೂ ನಾಚಿಕೆಯಾ? ಒಡಹುಟ್ಟಿದ ತಂಗಿ ಫೋಟೋದಲ್ಲಿ ಕಾಣುದು ಬೇಡವಾ? ಶೀನಪ್ಪಣ್ಣ ಬಾಯಿಬಿಟ್ಟಾದರೂ ಹೇಳಿದರು. ನೀವು ಪಾಠ ಹೇಳಿಕೊಡುವ ಹಾಗೆ ಮಾಡಿ ಕೈಕೊಟ್ಟಿರಿ. ದೀಪಾವಳಿಗೆ ಬಾಳೆಗೊನೆ ಹಿಡ್ಕೊಂಡು ಬಂದು, ಕಾಳುಮೆಣಸಿನ ರೇಟು ಮಾತಾಡಿ ಕತ್ತಲಾಗುವ ಮೊದಲು ಹೊರಡುದು ಯಾಕೆ ಅಂತ ಈಗ ಗೊತ್ತಾಯ್ತು.

ಬರುವ ಆದಿತ್ಯವಾರ 8ರಲ್ಲಿ ಇಟ್ಟು ಮತ್ತೆ ತೆಗೆಯುತ್ತೇನೆ. ಸುಳ್ಯಕ್ಕೆ ಅದೇ ಹೋಗುದು. ನಿಮ್ಮನ್ನು ಇನ್ನು ಕೇಳುದಿಲ್ಲ.

ದೀಕ್ಷಿತಾ


ಕಡಬ
30 ಜನವರಿ 2025
(ಅಂಚೆ ಕಾರ್ಡ್)

ದೀಕ್ಷಿ, ಈ ಆದಿತ್ಯವಾರ ತೆಗೆಯಬೇಡ. ಕಾಲು ಹಿಡಿದು ಕೇಳ್ತೇನೆ ಅಂತ ತಿಳ್ಕೋ. ಕಾರಣ ಬರೀತೇನೆ, ಕಾರ್ಡಿನಲ್ಲಿ ಹಿಡಿಯುದಿಲ್ಲ. ಮಾವ.


ಕಡಬ
17 ಫೆಬ್ರವರಿ 2025

ದೀಕ್ಷಿ ಮಗಾ,

ಕಾರ್ಡ್ ಹಾಕಿ ಹದಿನೆಂಟು ದಿನ ಆಯ್ತು. ಮೂರು ಸಲ ಬರೆದೆ, ಮೂರು ಸಲ ಹರಿದೆ. ಇದು ನಾಲ್ಕನೆಯದ್ದು. ಅಕ್ಷರ ಸೊಟ್ಟ ಇದ್ದರೆ ಓದಿಕೋ.

1998ರ ಜನವರಿ. ನಿನ್ನ ಅಮ್ಮನಿಗೆ ಇಪ್ಪತ್ತನಾಲ್ಕು. ನಿನ್ನ ಅಪ್ಪನ ಕಡೆಯವರು ಫೋಟೋ ಕೇಳಿದ್ದರು. ಆಗ ಅವಳಿಗೆ ಕಲೆ ಇದ್ದದ್ದು ಒಂದೇ ಕಡೆ, ಎಡದವಡೆಯ ಕೆಳಗೆ, ಎರಡು ಬೆರಳು ಅಗಲ. ನನ್ನ ಸ್ಟುಡಿಯೋದಲ್ಲಿ ಸ್ಟೂಲಿನ ಮೇಲೆ ಕೂತು ಅವಳೇ ಕತ್ತು ಬಲಕ್ಕೆ ತಿರುಗಿಸಿ ಹೇಳಿದಳು, "ಅಣ್ಣ, ಇದು ಕಾಣುವ ಹಾಗೆ ತೆಗೆಯಿರಿ. ಮತ್ತೆ ರಗಳೆ ಬೇಡ."

ನಾನು ಹಾಗೇ ತೆಗೆದೆ. ಪ್ರಿಂಟ್ ಒಣಗಿದ ಮೇಲೆ ಅದನ್ನು ಎದುರು ಇಟ್ಟು ಕೂತೆ. ಒಳ್ಳೆ ಸಂಬಂಧ, ತಪ್ಪಿಹೋದರೆ ಅಂತ ಹೆದರಿಕೆ. ಸಣ್ಣ ಬ್ರಷ್ ತೆಗೆದು ಕಲೆಯ ಮೇಲೆ ಚರ್ಮದ ಬಣ್ಣ ಹಾಕಿದೆ. ನನ್ನ ಕೈ ಆಗ ಬಹಳ ಒಳ್ಳೆದಿತ್ತು. ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಅವಳಿಗೆ ತೋರಿಸದೆ ಲಕೋಟೆ ಮುಚ್ಚಿ ಕಳಿಸಿಬಿಟ್ಟೆ.

ಅವರು ಫೋಟೋ ನೋಡಿಯೇ ಒಪ್ಪಿದರು, ಮದುವೆಯ ದಿನ ಅರಶಿನ ಪೌಡರಿನ ನಡುವೆ ಯಾರೂ ಗಮನಿಸಲಿಲ್ಲ. ಮದುವೆಯಾದ ಮೂರನೇ ದಿನ ಅತ್ತೆ ಅವಳನ್ನು ಅಂಗಳದ ಬೆಳಕಿಗೆ ಕರೆದು, ಆ ಫೋಟೋವನ್ನು ಮುಖದ ಪಕ್ಕ ಹಿಡಿದು, ನೆಂಟರ ಎದುರು ಕೇಳಿದರಂತೆ, "ಇದರಲ್ಲಿ ಇಲ್ಲದ್ದು ನಿನ್ನಲ್ಲಿ ಎಲ್ಲಿಂದ ಬಂತು?" ಕಾಣುವ ಹಾಗೇ ತೆಗೆಸಿದ್ದೆ ಅಂತ ಅವಳು ನಿಜ ಹೇಳಿದಳು. ಯಾರು ನಂಬ್ತಾರೆ? ಮೋಸದ ಮನೆಯವಳು ಅಂತ ಹೆಸರಾಯಿತು. ಆ ಮಾತನ್ನು ಮೂರು ವರ್ಷ ಕೇಳಿದಳು, ಸಾಕಾಗಿ ನಿನ್ನನ್ನು ಎತ್ತಿಕೊಂಡು ಬಂದಳು. ಅಪ್ಪನಿಗೂ ಅವಳಿಗೂ ಸರಿ ಬರಲಿಲ್ಲ ಅಂತ ನಿನಗೆ ಹೇಳಿದ್ದೇವೆ. ಸರಿ ಬರದಿದ್ದಕ್ಕೆ ಕಾರಣ ನಾನು. ಸಾವಿರ ಸುಳ್ಳು ಯಾಕೆ ಮಗಾ, ನನ್ನದು ಒಂದೇ ಸಾಕಾಯಿತು.

ಅವಳು ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಅಳುತ್ತಿದ್ದೆ, ಮುಗಿಯುತ್ತಿತ್ತು. ಬಂದರೆ ಚಾ ಕೊಡ್ತಾಳೆ. ನಾನು ಕಾಳುಮೆಣಸು ಮಾತಾಡ್ತೇನೆ.

ನಾಚಿಕೆ ಅಂದೆಯಲ್ಲ, ಹೌದು, ನಾಚಿಕೆ ಉಂಟು. ಅದು ನನ್ನ ಮೇಲೆ, ಅವಳ ಮೇಲೆ ಅಲ್ಲ. ನಿನ್ನ ಮೊದಲ ಕಾಗದದಲ್ಲಿ ನನಗೆ ಕಂಡದ್ದು ಇಷ್ಟೇ. ಮತ್ತೊಂದು ಸಂಬಂಧ, ಮತ್ತೊಂದು ಫೋಟೋ, ಮತ್ತೆ ಅವಳನ್ನು ಕೇಳದೆ. ನಾನು ಅವಳನ್ನು ಕೇಳದೆ ಮುಚ್ಚಿದ್ದು, ನೀನು ಕೇಳದೆ ತೋರಿಸಲಿಕ್ಕೆ ಹೊರಟದ್ದು. ಬೇಡ ಅಂತ ಬರೆಯಲಿಕ್ಕೆ ಧೈರ್ಯ ಇರಲಿಲ್ಲ, ಬರೆದರೆ ಯಾಕೆ ಅಂತ ನೀನು ಕೇಳುತ್ತಿದ್ದಿ. ಹಾಗೆ 1.8 ಬರೆದೆ. ಕಾಗದದಲ್ಲಿ ಒಂದೂ ಸುಳ್ಳಿಲ್ಲ ನೋಡು, ಒಂದು ವಾಕ್ಯ ಬಿಟ್ಟೆ ಅಷ್ಟೇ. ಪ್ರಿಂಟ್ ಬಂದಾಗ ತಿಳಿಯಿತು, ಇಪ್ಪತ್ತೇಳು ವರ್ಷದ ನಂತರ ಅವಳನ್ನು ಮತ್ತೆ ಅಳಿಸಿದ್ದೇನೆ, ಈ ಸಲ ನಿನ್ನ ಕೈಯಿಂದ. ಬುದ್ಧಿ ಬರಲಿಲ್ಲ ನನಗೆ.

ಈಗ ಸರಿಯಾದ ಪಾಠ. ಹೈದರ್ ಹೇಳಿದ್ದು ನಿಜ. A ಯಲ್ಲಿ 8 ಇಡು. ತೂತು ಸಣ್ಣ ಆದ್ದರಿಂದ ಕ್ಯಾಮೆರಾ ಹೆಚ್ಚು ಹೊತ್ತು ತೆರೆದಿರ್ತದೆ, ನೀವು ಅಲುಗಿದರೆ ಅದೂ ಹಾಳು. ಹಾಗಾಗಿ ಕಮ್ಮಿ ಬೆಳಕೇ ಸಾಕಾಗುವ ಹಾಗೆ ಐಎಸ್‌ಒ 800 ಮಾಡು. ಫೋಕಸ್ ನಿನಗಿಂತ ಸ್ವಲ್ಪ ಹಿಂದೆ ಇರಲಿ. ಸ್ಟ್ಯಾಂಡ್ ನಾಲ್ಕು ಹೆಜ್ಜೆ ಹಿಂದಕ್ಕೆ ಇಡು, ದೂರ ಹೋದಷ್ಟೂ ಸ್ಪಷ್ಟ ಇರುವ ಜಾಗ ಹೆಚ್ಚುತ್ತದೆ. ಇಬ್ಬರೂ ಬರ್ತೀರಿ.

ಇದಕ್ಕಿಂತ ಸುಲಭದ್ದು ಒಂದುಂಟು. ಇಬ್ಬರೂ ಕ್ಯಾಮೆರಾದಿಂದ ಒಂದೇ ದೂರದಲ್ಲಿ ಪಕ್ಕಪಕ್ಕ ಕೂತರೆ ನಂಬರಿನ ಚಿಂತೆಯೇ ಬೇಡ. ಯಾವ ತೂತಿನಲ್ಲೂ ಒಬ್ಬರು ಸ್ಪಷ್ಟ ಆದರೆ ಇನ್ನೊಬ್ಬರೂ ಸ್ಪಷ್ಟ. ಆದರೆ ಅದಕ್ಕೆ ಅವಳು ಎದ್ದು ಬಂದು ನಿನ್ನ ಪಕ್ಕ ಕೂರಬೇಕು. ಅವಳನ್ನು ಕೇಳಬೇಕು.

ನಿನ್ನ ಮಾವ


ಈಶ್ವರಮಂಗಲ
3 ಮಾರ್ಚ್ 2025

ಮಾವ,

ಎರಡು ವಾರ ಬರೆಯಲಿಲ್ಲ. ಮೊದಲು ಸಿಟ್ಟು, ಆಮೇಲೆ ಬೇಜಾರು, ಆಮೇಲೆ ಎಂತ ಬರೆಯುದು ಅಂತ ಗೊತ್ತಾಗಲಿಲ್ಲ. ಕಾರ್ಡ್ ಶನಿವಾರವೇ ಸಿಕ್ಕಿತ್ತು. ನಾನು ತೆಗೆಯಲಿಲ್ಲ.

ಶಿವರಾತ್ರಿಯ ಮರುದಿನ ನಿಮ್ಮ ಕಾಗದವನ್ನೂ ಆ ಪ್ರಿಂಟನ್ನೂ ಅಮ್ಮನ ಕೈಗೆ ಕೊಟ್ಟೆ. ಅವಳು ನೀರುದೋಸೆ ಹೊಯ್ಯುತ್ತಿದ್ದಳು. ಕಾವಲಿ ಕೆಳಗಿಟ್ಟು, ಕೈ ಒರೆಸಿ, ಕನ್ನಡಕ ಹಾಕಿ ಪೂರ್ತಿ ಓದಿದಳು. ಮತ್ತೆ ಪ್ರಿಂಟ್ ನೋಡಿ, "ಇದು ನಾನಾ? ಯಾರೋ ಹಸಿರು ಬಚ್ಚಂಗಾಯಿ ಹಣ್ಣು ತಂದು ಜಗಲಿಯಲ್ಲಿ ಇಟ್ಟ ಹಾಗೆ ಉಂಟಲ್ಲ ಮಾರಾಯ್ತಿ" ಅಂತ ನಕ್ಕಳು. ನಾನೂ ನಕ್ಕೆ. ಅಷ್ಟರಲ್ಲಿ ಅವಳ ಮುಖ ಬದಲಾಯಿತು.

"ಮಾವನಿಗೆ ತಕ್ಕ ಸೊಸೆ ನೀನು," ಅಂದಳು. "ನನ್ನ ಮುಖವನ್ನು ಎಂತ ಮಾಡುದು ಅಂತ ನೀವಿಬ್ಬರೂ ಕಾಗದ ಬರೆದು ಬರೆದು ತೀರ್ಮಾನ ಮಾಡುದು. ನಾನು ಒಲೆಯ ಬುಡದಲ್ಲೇ ಇದ್ದೆನಲ್ಲ. ಕೇಳಲಿಕ್ಕೆ ಬಾಯಿ ಇರಲಿಲ್ವಾ?"

ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕಿತ್ತು. ನಾನು ಅವಳಿಗಾಗಿ ಜಗಳ ಆಡ್ತಾ ಇದ್ದೇನೆ ಅಂತ ನನಗೆ ಎಷ್ಟು ಹೆಮ್ಮೆ ಇತ್ತು ಗೊತ್ತುಂಟಾ? ತಪ್ಪಾಯ್ತು ಅಮ್ಮ ಅಂದೆ. ಆಮೇಲೆ ಕೇಳಿದೆ, "ನನ್ನೊಟ್ಟಿಗೆ ಒಂದು ಫೋಟೋಕ್ಕೆ ಕೂರ್ತೀಯಾ?" ಅವಳು ಕಾವಲಿ ಎತ್ತಿಕೊಂಡು ದೋಸೆ ಹೊಯ್ಯಲಿಕ್ಕೆ ಹೋದಳು.

ಮೂರು ದಿನ ಕಳೆದು, ನಿನ್ನೆ, ತಾನಾಗಿ ಹೇಳಿದಳು. "ಕಲೆಗೆ ನಾಚಿ ನಾನು ಒಳಗೆ ಹೋಗುದಲ್ಲ ಮಗಾ. ನಾನು ಹೇಗಿದ್ದೇನೋ ಹಾಗೆ ಫೋಟೋದಲ್ಲಿ ಬರ್ತೇನೆ ಅಂತ ನಂಬಿಕೆ ಇಲ್ಲ ನನಗೆ. ಸ್ವಂತ ಅಣ್ಣನ ಕೈಯಲ್ಲೇ ಬರಲಿಲ್ಲ." ಮತ್ತೆ ಅಂದಳು, "ಅಣ್ಣ ನಿನಗೆ ನಾಲ್ಕು ಪುಟ ಬರೆದರು. ನನಗೆ ಇಪ್ಪತ್ತೇಳು ವರ್ಷದಲ್ಲಿ ಒಂದು ಗೆರೆ ಬರೆಯಲಿಲ್ಲ."

ಕೂರ್ತೇನೆ ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ.

ಶೀನಪ್ಪಣ್ಣ ದಿನಕ್ಕೆರಡು ಸಲ ಫೋನ್ ಮಾಡ್ತಾರೆ, ಸುಳ್ಯದವರು ಕಾಯುದಿಲ್ಲ ಅಂತ. ಕಾಯದಿದ್ದರೆ ಬೇಡ. ನನಗೆ ಈಗ ಅವರದ್ದಲ್ಲ ಚಿಂತೆ.

ಮಾವ, ಇನ್ನು ನನಗೆ ಬರೆಯಬೇಡಿ. ಅಮ್ಮನಿಗೆ ಬರೆಯಿರಿ.

ದೀಕ್ಷಿ


ಕಡಬ
8 ಮಾರ್ಚ್ 2025

ಪಂಕಜ,

ಹೇಗೆ ಸುರು ಮಾಡುದು ಅಂತ ಬೆಳಿಗ್ಗೆಯಿಂದ ಕೂತಿದ್ದೇನೆ. ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಅಂತ ಬರೆಯಲಿಕ್ಕೆ ನನಗೆ ಯೋಗ್ಯತೆ ಇಲ್ಲ.

ತಪ್ಪು ನನ್ನದು. ಕಾಣುವ ಹಾಗೆ ತೆಗೆಯಿರಿ ಅಂತ ನೀನು ಹೇಳಿದ್ದಿ. ನಾನು ಕೇಳಿದ್ದೆ, ಆಗ ನನ್ನ ಕಿವಿ ಸರಿ ಇತ್ತು. ನಿನ್ನ ಒಳ್ಳೆದಕ್ಕೆ ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಿದರೆ, ತಂಗಿಯ ಮದುವೆ ಮಾಡಿಸಲಿಕ್ಕೆ ಆಗದ ಅಣ್ಣ ಅಂತ ನಾಲ್ಕು ಜನ ಹೇಳಿದರೆ ಅಂತ ಹೆದರಿದೆ. ಆ ಹೆದರಿಕೆಗೆ ನಿನ್ನ ಸಂಸಾರ ಹೋಯಿತು.

ನೀನು ಗಂಡನ ಮನೆ ಬಿಟ್ಟು ಬಂದ ದಿನ ಬಸ್‌ಸ್ಟ್ಯಾಂಡಿಗೆ ನಾನೇ ಬಂದದ್ದು ನೆನಪುಂಟಾ? ಬಸ್ಸಿನಿಂದ ಇಳಿದಾಗಲೇ ತಪ್ಪಾಯ್ತು ಅನ್ನಬೇಕು ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ನೀನು ಮಗುವನ್ನು ನನ್ನ ಕೈಗೆ ಕೊಟ್ಟು, "ಹಸಿದಿದೆ, ಬಿಸ್ಕೆಟ್ ಉಂಟಾ ನೋಡಿ ಅಣ್ಣ" ಅಂದಿ. ನಾನು ಅಂಗಡಿಗೆ ಓಡಿದೆ. ಆ ಮಾತು ಅಲ್ಲೇ ಉಳಿಯಿತು.

ಈಗ ಹೇಳ್ತೇನೆ. ತಪ್ಪಾಯ್ತು ಪಂಕಜ. ಕ್ಷಮಿಸು ಅಂತ ಒತ್ತಾಯ ಮಾಡುದಿಲ್ಲ.

ಒಂದು ಮಾತ್ರ ಕೇಳ್ತೇನೆ. ದೀಕ್ಷಿಯೊಟ್ಟಿಗೆ ನಿನ್ನ ಫೋಟೋ ತೆಗೆಯಲಿಕ್ಕೆ ನಾನು ಬರಬಹುದಾ? ಬೇಡ ಅಂದರೆ ಬೇಡ. ಹೈದರ್ ಚೆನ್ನಾಗಿ ತೆಗೀತಾನೆ, ಅವನನ್ನು ಕರೆಸಿಕೊಳ್ಳಿ.

ಅಣ್ಣ


ಈಶ್ವರಮಂಗಲ
15 ಮಾರ್ಚ್ 2025

ಅಣ್ಣ,

ಕಾಗದ ಮಂಗಳವಾರವೇ ಸಿಕ್ಕಿತು. ನಾಲ್ಕು ದಿನ ಬೇಕಂತಲೇ ಕಾಯಿಸಿದೆ. ನೀವು ಇಪ್ಪತ್ತೇಳು ವರ್ಷ ಕಾಯಿಸಿದಿರಿ, ಅದರ ಎದುರು ಇದು ಎಂತದೂ ಅಲ್ಲ.

ಕ್ಷಮಿಸಿದೆ ಅಂತ ಬರೆಯಲಿಕ್ಕೆ ಕೈ ಬರುದಿಲ್ಲ. ನಮ್ಮ ನಡುವೆ ಇನ್ನೊಂದು ಸುಳ್ಳು ಬೇಡ. ಆದರೆ ಕಾಗದ ಓದಿದ ದಿನ ಹಗಲೇ ನಿದ್ದೆ ಬಂತು. ದೀಕ್ಷಿ ಜ್ವರವಾ ಅಂತ ಹಣೆ ಮುಟ್ಟಿ ನೋಡಿದಳು.

ಸುಳ್ಯಕ್ಕೆ ದೀಕ್ಷಿ ತಾನೇ ಫೋನ್ ಮಾಡಿ ನನ್ನ ವಿಷಯ ನೇರ ಹೇಳಿದಳು. ಹುಡುಗನ ತಾಯಿ "ಫೋಟೋ ಕಳಿಸಿ, ನೋಡುವ" ಅಂದರಂತೆ. ನೋಡಲಿ. ಬೇಡ ಅಂದರೆ ನಮ್ಮ ಮನೆಯ ಅನ್ನ ಕಡಿಮೆಯಾಗುದಿಲ್ಲ. ಶೀನಪ್ಪ ಮಾತ್ರ ಮುಖ ದಪ್ಪ ಮಾಡಿಕೊಂಡಿದ್ದಾರೆ.

23ನೇ ತಾರೀಕು ಆದಿತ್ಯವಾರ ಬನ್ನಿ. ಬಾಳೆಗೊನೆ ತರಬೇಡಿ, ಇಲ್ಲಿಯದ್ದೇ ಹಣ್ಣಾಗಿ ಉದುರ್ತಾ ಉಂಟು. ಊಟ ಮಾಡಿ, ರಾತ್ರಿ ನಿಂತು ಮರುದಿನ ಹೋಗುದು. ಕಾಳುಮೆಣಸಿನ ಮಾತು ಎತ್ತಿದರೆ ಚಾ ಇಲ್ಲ.

ದೀಕ್ಷಿಯ ಪಕ್ಕ ಕೂರ್ತೇನೆ, ಒಂದೇ ಬೆಂಚಿನಲ್ಲಿ. ಆದರೆ ಅದು ಎರಡನೆಯದ್ದು. ಮೊದಲು ನನ್ನದೊಂದು ತೆಗೆಯಬೇಕು, ನನ್ನೊಬ್ಬಳದ್ದೇ. ನನಗೆ ಐವತ್ತೊಂದಾಯಿತು. ನನ್ನದು ಅಂತ ಇರುವ ಫೋಟೋ ಆಧಾರ್ ಕಾರ್ಡಿನದ್ದು, ಅದರಲ್ಲಿ ನಾನು ಪೊಲೀಸರು ಹುಡುಕುವವಳ ಹಾಗೆ ಇದ್ದೇನೆ.

ಯಾವ ನಂಬರಿನಲ್ಲಿ ಇಡ್ತೀರೋ ನನಗೆ ಗೊತ್ತಾಗುದಿಲ್ಲ, ಅದು ನಿಮಗೆ ಬಿಟ್ಟದ್ದು. ದೂರದಿಂದ ಬೇಡ, ಹತ್ತಿರ ಬಂದು ತೆಗೆಯಿರಿ. ನಾನು ಹಿಂದಿರುಗಿ ಬಂದ ಮೇಲೆ ನೀವು ನನ್ನ ಮುಖವನ್ನು ಒಮ್ಮೆಯೂ ಸರಿಯಾಗಿ ನೋಡಿಲ್ಲ. ಫೋಕಸ್ ಮಾಡುವಾಗಲಾದರೂ ನೋಡಲೇಬೇಕಲ್ಲ ಅಣ್ಣ.

ಪಂಕಜ